ಕೆರೆಗೋಡು, ಹುತ್ತದ ಮಣ್ಣು, ಮುಲ್ತಾನಿ: ಮೈಗೆ ಹಚ್ಚುವ ಮುನ್ನ ಯಾವ ಮಣ್ಣು ಎಂದು ಕೇಳಬೇಡವೇ?

ಜಾವಗಲ್ ಕಡೆಯವಳು

ಈ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಹೂಳು ತೆಗೆಯುತ್ತಿದ್ದಾರೆ. ಟ್ರ್ಯಾಕ್ಟರುಗಳು ಬೆಳಗಿನಿಂದ ಸಂಜೆಯವರೆಗೆ ಗೋಡನ್ನು ಹೊಲಗಳಿಗೆ ಸಾಗಿಸುತ್ತಿವೆ. ಮೇಲಿನ ಪದರ ಕಪ್ಪಗಿದ್ದು ಕೊಳೆತ ಜೊಂಡಿನ ವಾಸನೆ ಹೊಡೆಯುತ್ತದೆ. ಅದರ ಕೆಳಗೆ ಬೂದು ಬಣ್ಣದ ಜೇಡಿ ಸಿಕ್ಕಿದೆ. ಬೆರಳ ನಡುವೆ ತಿಕ್ಕಿದರೆ ಮರಳಿನ ಒಂದು ಕಣವೂ ತಾಕುವುದಿಲ್ಲ, ಅಷ್ಟು ನುಣುಪು. ಅದನ್ನು ಕಂಡೊಡನೆ ಊರಿನ ಹಿರಿಯ ಹೆಂಗಸರು ಬುಟ್ಟಿ ಹಿಡಿದು ಹೊರಟರು. ಸೋಪಿಗೆ ದುಡ್ಡಿಲ್ಲದ ಕಾಲದಲ್ಲಿ ತಲೆ ತೊಳೆಯಲು, ಬೆವರುಸಾಲೆಗೆ, ಅಂಗಾಲಿನ ಉರಿಗೆ ಇದನ್ನೇ ಬಳಸುತ್ತಿದ್ದರಂತೆ. ಅವರನ್ನು ನೋಡಿ ಕಾಲೇಜಿಗೆ ಹೋಗುವ ಹುಡುಗಿಯರೂ ಮುಖಕ್ಕೆ ಹಚ್ಚಿಕೊಳ್ಳಲು ಶುರುಮಾಡಿದ್ದಾರೆ. ಅಂಗಡಿಯ ಮುಲ್ತಾನಿ ಪೊಟ್ಟಣಕ್ಕೆ ಹಣ ಸುರಿಯುವ ಬದಲು ಇದೇ ಸಾಲದೇ ಎಂಬುದು ಅವರ ಪ್ರಶ್ನೆ.

ಹಿಂದಿನವರು ಯಾವ ಮಣ್ಣನ್ನು ಆರಿಸುತ್ತಿದ್ದರು, ಹೇಗೆ ಹದ ಮಾಡುತ್ತಿದ್ದರು, ಯಾವುದಕ್ಕೆ ಹಚ್ಚುತ್ತಿದ್ದರು, ಯಾವುದಕ್ಕೆ ಹಚ್ಚುತ್ತಿರಲಿಲ್ಲ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ. "ಮಣ್ಣು ಒಳ್ಳೆಯದು" ಎಂಬ ಒಂದು ಸಾಲಿನ ಉತ್ತರದಿಂದ ನನಗೆ ಪ್ರಯೋಜನವಿಲ್ಲ.

ಕುಂಬಾರಿಕೆ ಮನೆಯವನು, ಚನ್ನರಾಯಪಟ್ಟಣ

ಮಣ್ಣಿನ ವಿಷಯವಾದ್ದರಿಂದ ನಾನು ಮೊದಲು ಮಾತಾಡುತ್ತೇನೆ. ನೀವು ಹೇಳಿದ ಕಪ್ಪು ಪದರ ಗೊಬ್ಬರಕ್ಕೆ ಮಾತ್ರ. ಎಲೆ, ಬೇರು, ಸಗಣಿ ಕೊಳೆತು ಸೇರಿದ ಮಣ್ಣು ಅದು. ನಮ್ಮ ಮನೆಯಲ್ಲಿ ಮಡಕೆಗೂ ಮೈಗೂ ಅದನ್ನು ಮುಟ್ಟುತ್ತಿರಲಿಲ್ಲ. ಕೆಳಗಿನ ಜೇಡಿಯನ್ನೂ ಕಣ್ಣಿಂದ ನೋಡಿ ಒಪ್ಪುವಂತಿಲ್ಲ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಬತ್ತಿ ಮಾಡಿ ತೋರುಬೆರಳಿಗೆ ಸುತ್ತಿ ನೋಡಬೇಕು. ಬತ್ತಿ ಬಿರಿಯದೆ ಉಂಗುರವಾಗಿ ನಿಂತರೆ ಜೇಡಿಯ ಅಂಶ ಚೆನ್ನಾಗಿದೆ. ತುಂಡಾದರೆ ಮರಳು ಹೆಚ್ಚು.

ಹದ ಮಾಡುವುದೇ ಇದರಲ್ಲಿ ದೊಡ್ಡ ಕೆಲಸ. ಹೆಂಟೆಗಳನ್ನು ಬಿಸಿಲಿನಲ್ಲಿ ಖಣಖಣ ಎನ್ನುವಷ್ಟು ಒಣಗಿಸಿ, ಕೊಡತಿಯಿಂದ ಬಡಿದು, ಕಸ ಆರಿಸಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕದಡಬೇಕು. ಸ್ವಲ್ಪ ಹೊತ್ತಿಗೆ ಮರಳು ತಳ ಸೇರುತ್ತದೆ. ಮೇಲಿನ ಕದಡು ನೀರನ್ನು ಹಳೆಯ ಪಂಚೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಹೊಯ್ದು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮೇಲೆ ತಿಳಿ ನಿಂತಿರುತ್ತದೆ. ಅದನ್ನು ಅಲುಗಿಸದೆ ಬಸಿದರೆ ತಳದಲ್ಲಿ ಕೆನೆಗಟ್ಟಿದ ಮಣ್ಣು ಉಳಿಯುತ್ತದೆ. ನಮ್ಮ ಅಮ್ಮ ಅದನ್ನು ಬಿಲ್ಲೆಗಳಾಗಿ ತಟ್ಟಿ ಒಣಗಿಸಿ ಇಡುತ್ತಿದ್ದರು. ಬೇಕಾದಾಗ ಒಂದು ಬಿಲ್ಲೆ ನೆನೆಸಿದರೆ ಸಾಕು. ಕೆರೆಯಿಂದ ತೆಗೆದು ನೇರವಾಗಿ ಮುಖಕ್ಕೆ ಬಳಿದುಕೊಳ್ಳುವುದನ್ನು ನಾನು ನಮ್ಮ ಹಿರಿಯರಲ್ಲಿ ಯಾರಲ್ಲೂ ಕಂಡಿಲ್ಲ.

ಚೌಳು ಮಣ್ಣನ್ನು ಮಾತ್ರ ದೂರವಿಡಿ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಹೊಪ್ಪಳೆ ಏಳುತ್ತದಲ್ಲ, ಅದು. ಹಿಂದೆ ಬಟ್ಟೆ ಮಡಿ ಮಾಡುವವರು ಅದನ್ನು ಕೊಳೆ ತೆಗೆಯಲು ಬಳಸುತ್ತಿದ್ದರು. ಅದು ಕ್ಷಾರ. ಬಟ್ಟೆಯ ಜಿಡ್ಡನ್ನು ಕೀಳುವ ಹಾಗೆಯೇ ಚರ್ಮವನ್ನೂ ಸುಡುತ್ತದೆ.

ಇನ್ನು, ಮಣ್ಣು ಹಚ್ಚಿದರೆ ಚರ್ಮ ಮೃದುವಾಗುತ್ತದೆ ಎನ್ನುವವರು ನಮ್ಮ ಕೈ ನೋಡಬೇಕು. ದಿನವಿಡೀ ಜೇಡಿಯಲ್ಲಿ ಆಡಿದ ಕೈ ಸಂಜೆಗೆ ಬಿರಿಯುತ್ತದೆ. ಮಲಗುವ ಮುನ್ನ ಹರಳೆಣ್ಣೆ ಸವರದೆ ಇರಲಾಗದು.

ಮಣ್ಣು ವಿಜ್ಞಾನ ಓದಿದವನು, ಕಡೂರು

ಮೇಲಿನ ಉತ್ತರದ ಪ್ರತಿಯೊಂದು ಹಂತಕ್ಕೂ ಕಾರಣವಿದೆ. ಜೇಡಿ ಎನ್ನುವುದು 2 ಮೈಕ್ರೋಮೀಟರ್‌ಗಿಂತ, ಅಂದರೆ ಒಂದು ಮಿಲಿಮೀಟರಿನ 500ನೇ ಒಂದು ಭಾಗಕ್ಕಿಂತ ಸಣ್ಣ ಕಣ. ಅಷ್ಟು ಸಣ್ಣದಾದ್ದರಿಂದಲೇ ಮರಳು ನಿಮಿಷದೊಳಗೆ ತಳ ಸೇರಿದರೂ ಜೇಡಿ ಗಂಟೆಗಟ್ಟಲೆ ನೀರಿನಲ್ಲಿ ತೇಲುತ್ತದೆ. ಕದಡಿ, ಸೋಸಿ, ತಿಳಿ ಬಸಿಯುವ ಕ್ರಮವನ್ನೇ ಪ್ರಯೋಗಾಲಯದಲ್ಲಿ ಅಳತೆಗೋಲು ಹಿಡಿದು ಮಾಡುತ್ತೇವೆ.

ಎಲ್ಲ ಜೇಡಿಯೂ ಒಂದೇ ಅಲ್ಲ. ಹಾಸನ ಜಿಲ್ಲೆಯ ಬಹುಪಾಲು ಕೆಂಪು ಮಣ್ಣಿನಲ್ಲಿ, ಸಕಲೇಶಪುರ–ಮೂಡಿಗೆರೆಯ ಜಂಬಿಟ್ಟಿಗೆ ನೆಲದಲ್ಲಿ ಹೆಚ್ಚಾಗಿರುವುದು ಕಯೋಲಿನೈಟ್ ಎಂಬ ಜೇಡಿ. ಅದು ನೀರು ಕುಡಿದು ಉಬ್ಬುವುದಿಲ್ಲ, ಎಣ್ಣೆಯನ್ನೂ ಕಡಿಮೆ ಹೀರುತ್ತದೆ, ಒಣ ಚರ್ಮಕ್ಕೂ ಅಷ್ಟು ತೊಂದರೆ ಕೊಡುವುದಿಲ್ಲ. ನಮ್ಮ ಕಡೂರಿನ ಎರೆ ಹೊಲಗಳ ಕಪ್ಪು ಮಣ್ಣಿನಲ್ಲಿ ಇರುವುದು ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಿರುಕು ಬಿಡುವುದು ಅದರ ಗುಣ. ಅದರ ಪದರಗಳ ನಡುವೆ ನೀರು, ಲವಣ, ಜಿಡ್ಡು ಎಲ್ಲವೂ ಸೇರಿಕೊಳ್ಳುತ್ತವೆ. ಲವಣದ ಕಣಗಳನ್ನು ಹಿಡಿದಿಡುವ ಶಕ್ತಿಯಲ್ಲಿ ಇದು ಕಯೋಲಿನೈಟ್‌ಗಿಂತ ಸುಮಾರು ಹತ್ತು ಪಟ್ಟು ಮುಂದೆ.

ಮುಲ್ತಾನಿ ಮಿಟ್ಟಿಯೂ ಹೀರುವ ಜಾತಿಯದೇ. ಇಂದಿನ ಪಾಕಿಸ್ತಾನದ ಮುಲ್ತಾನ್ ನಗರದಿಂದ ಅದಕ್ಕೆ ಆ ಹೆಸರು. ಭಾರತದಲ್ಲಿ ರಾಜಸ್ಥಾನದ ಬಾಡಮೇರ್, ಜೈಸಲ್ಮೇರ್, ಬಿಕಾನೇರ್ ಕಡೆ ಅಗೆಯುತ್ತಾರೆ. ಯುರೋಪಿನಲ್ಲಿ ಇಂಥ ಮಣ್ಣನ್ನು ಉಣ್ಣೆಯ ಜಿಡ್ಡು ತೆಗೆಯಲು ಶತಮಾನಗಳ ಕಾಲ ಬಳಸಿದರು. ಮುಖದ ಎಣ್ಣೆ ತೆಗೆಯುವುದೂ ಅದೇ ಕೆಲಸ.

ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆ ಕೆಂಪಿಗೆ ಚರ್ಮ ಬೆಳ್ಳಗಾಗಿಸುವ ಶಕ್ತಿಯೇನೂ ಇಲ್ಲ.

ಈಗ ನಿಮ್ಮ ಕೆರೆಯ ವಿಷಯ. ಕೆರೆಗೆ ಮೇಲಿನ ಹೊಲಗಳದ್ದೆಲ್ಲ ಹರಿದು ಬರುತ್ತದೆ. ಹಿಂದಿನವರ ಕಾಲದಲ್ಲಿ ಬಂದದ್ದು ಎಲೆ, ಗೊಬ್ಬರ, ಮೆಕ್ಕಲು. ಇಂದು ಆಲೂಗಡ್ಡೆಯ ಅಂಗಮಾರಿಗೆ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಸಿಂಪಡಿಸುತ್ತೇವೆ, ಶುಂಠಿಗೆ ಔಷಧದ ಮೇಲೆ ಔಷಧ ಸುರಿಯುತ್ತೇವೆ, ತೋಟಗಳಿಗೆ ತಾಮ್ರವಿರುವ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮುಖದ ಜಿಡ್ಡನ್ನು ಹಿಡಿದುಕೊಳ್ಳುವ ಜೇಡಿ ತಾಮ್ರವನ್ನೂ ಹಿಡಿದುಕೊಳ್ಳುತ್ತದೆ, ಕೆಲವು ಕೀಟನಾಶಕಗಳನ್ನೂ ಹಿಡಿದುಕೊಳ್ಳುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದ ಸುತ್ತ ಕ್ರೋಮಿಯಂ ಲೋಹದ ಅದಿರಾದ ಕ್ರೋಮೈಟ್‌ನ ಗಣಿಗಾರಿಕೆ ನಡೆದಿದೆ. ಅಂಥ ಗಣಿ ರಾಶಿಗಳ ಕೆಳಗಿನ ಹಳ್ಳದ ಮಣ್ಣನ್ನಂತೂ ಮೈಗೆ ಹಚ್ಚಲೇಬಾರದು. ಅಜ್ಜಿ ಹಚ್ಚಿದ್ದು ಇದೇ ಕೆರೆಯ ಮಣ್ಣು ಎನ್ನಬಹುದು. ಆದರೆ ಆ ಮಣ್ಣು ಈಗಿಲ್ಲ.

ಮೂಡಿಗೆರೆ ತೋಟದಿಂದ

ನಮ್ಮ ಕಡೆ ಕೆರೆಗೋಡಿಗಿಂತ ಹುತ್ತದ ಮಣ್ಣಿಗೇ ಬೆಲೆ. ಗೆದ್ದಲು ಆಳದಿಂದ ನುಣುಪು ಮಣ್ಣನ್ನು ಒಂದೊಂದೇ ಕಣ ತಂದು ಜೊಲ್ಲಿನಲ್ಲಿ ಮೆತ್ತಿ ಕಟ್ಟಿರುತ್ತದೆ. ಸೋಸುವ ಅರ್ಧ ಕೆಲಸವನ್ನು ಅದೇ ಮುಗಿಸಿರುತ್ತದೆ. ಹಾವಿರುವ ಹುತ್ತವನ್ನು ಯಾರೂ ಕೆಡವುವುದಿಲ್ಲ. ಗೆದ್ದಲು ಬಿಟ್ಟುಹೋದ ಹುತ್ತದ ಹೊರಮೈ ಕೆರೆದು, ಒಳಗಿನ ಗಟ್ಟಿ ಮಣ್ಣನ್ನು ತರುತ್ತಾರೆ. ಪುಡಿ ಮಾಡಿ, ನೀರಿನಲ್ಲಿ ಕಲಸಿ, ಕಬ್ಬಿಣದ ಸೌಟಿನಲ್ಲಿ ಬೆಚ್ಚಗೆ ಮಾಡಿ ಉಳುಕಿದ ಕಾಲಿಗೆ, ಬಾವು ಬಂದ ಮಂಡಿಗೆ ಮೆತ್ತುತ್ತಾರೆ. ಕಣಜ ಕಚ್ಚಿದರೆ ಮಾತ್ರ ತಣ್ಣನೆಯ ಮಣ್ಣು. ಉರಿ ಇಳಿಯುವುದನ್ನು ನಾನೇ ಅನುಭವಿಸಿದ್ದೇನೆ, ಇದನ್ನು ಯಾರು ಏನೇ ಹೇಳಿದರೂ ಅಲ್ಲಗಳೆಯಲಾರೆ.

ಒಂದು ಪ್ರಶ್ನೆ ಇದೆ. ಮಳೆಗಾಲದಲ್ಲಿ ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ನಿಲ್ಲುವುದೇ ಇಲ್ಲ. ತೋಟದಲ್ಲಿ ಕೆಲಸ ಮಾಡುವವರು ಸುಣ್ಣ ಒತ್ತುತ್ತಾರೆ, ಇಲ್ಲದಿದ್ದರೆ ಒಂದು ಚಿಟಿಕೆ ಒಣ ಮಣ್ಣು ಒತ್ತುತ್ತಾರೆ. ರಕ್ತ ಬೇಗ ಕಟ್ಟುತ್ತದೆ. ಇದು ಸರಿಯೋ ತಪ್ಪೋ?

ಚರ್ಮವೈದ್ಯೆ, ಹಾಸನ

ಮೂಡಿಗೆರೆಯವರ ಪ್ರಶ್ನೆಗೇ ಮೊದಲು ಬರುತ್ತೇನೆ, ಏಕೆಂದರೆ ಇಲ್ಲಿ ಜೀವದ ಪ್ರಶ್ನೆ ಇದೆ. ಇಂಬಳದ ಜೊಲ್ಲಿನಲ್ಲಿರುವ ಹಿರುಡಿನ್‌ನಂಥ ವಸ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಜೇಡಿಗೆ ರಕ್ತ ಕಟ್ಟಿಸುವ ಗುಣ ಇರುವುದೂ ನಿಜ. ಕಯೋಲಿನ್, ಅಂದರೆ ಕಡೂರಿನವರು ಹೇಳಿದ ಕಯೋಲಿನೈಟ್‌ನ ಜೇಡಿ, ರಕ್ತದಲ್ಲಿನ ಹನ್ನೆರಡನೆಯ ಹೆಪ್ಪುಕಾರಕವನ್ನು ಎಚ್ಚರಿಸುತ್ತದೆ. ಯುದ್ಧಭೂಮಿಯಲ್ಲಿ ಸೈನಿಕರ ಗಾಯಕ್ಕೆ ತುಂಬುವ ಒಂದು ಬಗೆಯ ಪಟ್ಟಿಯಲ್ಲಿ ಅದನ್ನೇ ಲೇಪಿಸಿರುತ್ತಾರೆ. ಆದರೆ ಆ ಕಯೋಲಿನ್ ಕ್ರಿಮಿಶುದ್ಧ ಮಾಡಿದ್ದು. ತೋಟದ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಬೀಜಕಗಳ ರೂಪದಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಬಿಸಿಲಿಗೆ ಅದು ಸಾಯದು, ನೀರು ಕುದಿಸಿದರೂ ಖಚಿತವಾಗಿ ಸಾಯದು. ಒತ್ತಡದ ಹಬೆಯಲ್ಲಿ 121 ಡಿಗ್ರಿ ಬೇಕು. ಸೌಟಿನಲ್ಲಿ ಬೆಚ್ಚಗೆ ಮಾಡುವುದರಿಂದ ಏನೂ ಆಗದು. ಹಾಗಾಗಿ ಇಂಬಳದ ಕಡಿತಕ್ಕೆ ಸೋಪು ನೀರಿನಲ್ಲಿ ತೊಳೆದು, ಸ್ವಚ್ಛ ಬಟ್ಟೆಯಿಂದ ಹತ್ತು–ಹದಿನೈದು ನಿಮಿಷ ಬಿಡದೆ ಒತ್ತಿಹಿಡಿಯಿರಿ. ತೋಟ, ಗದ್ದೆಯಲ್ಲಿ ದುಡಿಯುವ ಪ್ರತಿಯೊಬ್ಬರೂ ಹತ್ತು ವರ್ಷಕ್ಕೊಮ್ಮೆ ಧನುರ್ವಾಯು ತಡೆಯುವ ಟಿಡಿ ಲಸಿಕೆ ಹಾಕಿಸಿಕೊಳ್ಳಬೇಕು.

ಒಂದು ಕಾಲದಲ್ಲಿ ಹಸುಗೂಸಿನ ಹೊಕ್ಕುಳಿಗೆ ಮಣ್ಣು, ಸಗಣಿ, ಬೂದಿ ಹಚ್ಚಿ ಎಷ್ಟು ಮಕ್ಕಳನ್ನು ಕಳೆದುಕೊಂಡೆವು ಎಂಬುದು ಮರೆಯುವಂಥದ್ದಲ್ಲ. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತ ನಿರ್ಮೂಲನ ಮಾಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಲಸಿಕೆ, ಆಸ್ಪತ್ರೆಯ ಹೆರಿಗೆ, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು, ಈ ಮೂರರಿಂದ ಅದು ಸಾಧ್ಯವಾಯಿತು.

ಇಷ್ಟು ಹೇಳಿದ ಮೇಲೆ, ನಾನು ಮಣ್ಣಿನ ವಿರೋಧಿ ಎಂದು ಯಾರೂ ತಿಳಿಯಬೇಡಿ. ತುರಿಕೆಗೆ ನಾವು ಬರೆದುಕೊಡುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್‌ನಲ್ಲಿ ಸತುವಿನ ಪುಡಿ ತಳಕ್ಕೆ ಇಳಿಯದಂತೆ ಹಿಡಿದಿಡುವುದು ಬೆಂಟೊನೈಟ್, ಅದೂ ಜೇಡಿಯೇ. ಬೆವರುಸಾಲೆಗೆ, ಕಣಜದ ಉರಿಗೆ ಒದ್ದೆ ಮಣ್ಣು ಹಿತವೆನಿಸಲು ಕಾರಣ ನೀರು. ಜೇಡಿ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ, ನಿಧಾನವಾಗಿ ಆರುತ್ತದೆ, ಆರುವಷ್ಟು ಹೊತ್ತೂ ಚರ್ಮದ ಶಾಖ ಎಳೆಯುತ್ತದೆ. ಒದ್ದೆ ಬಟ್ಟೆ ಅದಕ್ಕಿಂತ ಬೇಗ ಒಣಗುತ್ತದೆ. ಚರ್ಮ ಒಡೆಯದೇ ಇದ್ದರೆ, ಮಣ್ಣು ಶುದ್ಧವಾಗಿದ್ದರೆ, ಈ ಉಪಯೋಗವನ್ನು ನಾನು ಒಪ್ಪುತ್ತೇನೆ. ಹೆಜ್ಜೇನು ಹಿಂಡಾಗಿ ಕಚ್ಚಿದ್ದರೆ, ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ಮಣ್ಣು ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಿ. ಹಾವಿನ ಕಡಿತಕ್ಕೂ ಅಷ್ಟೇ. ಅದಕ್ಕೆ ಪ್ರತಿವಿಷದ ಹೊರತು ಬೇರೆ ಮದ್ದಿಲ್ಲ.

ಮುಖಕ್ಕೆ: ಎಣ್ಣೆ ಚರ್ಮದವರು ವಾರಕ್ಕೊಮ್ಮೆ ತೆಳುವಾಗಿ ಹಚ್ಚಬಹುದು. ಅಂಚು ಬಿಳಿಚುತ್ತಿದ್ದಂತೆ, ಪೂರ್ತಿ ಒಣಗಿ ಬಿರಿಯುವ ಮೊದಲೇ ತೊಳೆಯಿರಿ. ಬಿಗಿದು ಎಳೆದಷ್ಟೂ ಒಳ್ಳೆಯದು ಎಂಬ ನಂಬಿಕೆ ಬೇಡ. ಕುಂಬಾರಿಕೆಯವರು ತಮ್ಮ ಕೈಯ ಬಗ್ಗೆ ಹೇಳಿದ್ದೇ ಮುಖಕ್ಕೂ ಆಗುತ್ತದೆ. ತೊಳೆದ ಮೇಲೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸಾಕು. ಇಸುಬು ಇದ್ದವರು, ಕೀವು ತುಂಬಿದ ಮೊಡವೆಯವರು, ಎಳೆ ಮಕ್ಕಳು ಇದರಿಂದ ದೂರವಿರಲಿ. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು, ಮಣ್ಣಲ್ಲ. ಪೊಟ್ಟಣ ಕೊಳ್ಳುವವರು ತಯಾರಿಕಾ ಪರವಾನಗಿ ಸಂಖ್ಯೆ ಇದೆಯೇ ನೋಡಿ: ಪ್ರಸಾಧನ ಸಾಮಗ್ರಿಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 20 ಭಾಗ, ಆರ್ಸೆನಿಕ್ 2 ಭಾಗ ಮೀರಬಾರದು ಎಂಬ ಮಿತಿ ನಮ್ಮ ದೇಶದಲ್ಲಿದೆ. ಚೀಲದಿಂದ ತೂಗಿ ಕೊಡುವ ಪುಡಿಗೆ ಯಾರು ಹೊಣೆ?

ಕೊಪ್ಪದ ಓದುಗ

ಆಷಾಢದಲ್ಲಿ ಕೆಸರುಗದ್ದೆ ಆಟ ಮುಗಿಸಿ ಬಂದವರೆಲ್ಲ "ಮಣ್ಣಿನ ಸ್ನಾನ ಆಯಿತು, ಚರ್ಮರೋಗ ಹತ್ತಿರ ಸುಳಿಯುವುದಿಲ್ಲ" ಎನ್ನುತ್ತಾರೆ. ಹಾಗಿದ್ದರೆ ನಾಟಿ ಮಾಡುವ ಹೆಂಗಸರ ಕಾಲ್ಬೆರಳ ಸಂದಿ ಏಕೆ ಕೊಳೆಯುತ್ತದೆ? ಕೆಸರು ಹುಣ್ಣಾಗದಿರಲಿ ಎಂದೇ ಅವರು ನಾಟಿಗೆ ಮುನ್ನ ಮದರಂಗಿ ಅರೆದು ಬೆರಳಿಗೆ ಮೆತ್ತಿಕೊಳ್ಳುತ್ತಾರೆ. ಆಡಿದವರು ಹಾಡಿ ಹೊಗಳುವ ಕೆಸರು ದುಡಿದವರ ಕಾಲನ್ನು ತಿನ್ನುತ್ತಿದೆ. ಈ ಮಾತನ್ನು ಯಾರಾದರೂ ಆಡಲೇಬೇಕಿತ್ತು.

ಚರ್ಮವೈದ್ಯೆ, ಹಾಸನ

ನಿಮ್ಮ ಮಾತು ಪೂರ್ಣ ಸತ್ಯ. ಇಲಿ ಜ್ವರವೂ ಗದ್ದೆಯ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೇ ಒಳಗೆ ಬರುತ್ತದೆ. ಕೆಸರಿನಿಂದ ಎದ್ದೊಡನೆ ಕಾಲು ತೊಳೆದು ಬೆರಳ ಸಂದಿ ಒರೆಸಿ ಒಣಗಿಸುವುದು, ಗಾಯವಿದ್ದರೆ ಇಳಿಯದಿರುವುದು. ನಾಟಿಯ ನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಗದ್ದೆಗಿಳಿದಿದ್ದೆ ಎಂದು ಹೇಳಲು ಮರೆಯಬೇಡಿ.

ಪ್ರಕೃತಿ ಚಿಕಿತ್ಸೆ ಕಲಿತವಳು, ಚಿಕ್ಕಮಗಳೂರು

ವೈದ್ಯೆಯವರ ಎಚ್ಚರಿಕೆಗಳಿಗೆ ನನ್ನ ತಕರಾರಿಲ್ಲ. ಆದರೆ ಮಣ್ಣಿನ ಪಟ್ಟಿಯನ್ನು ಅಜ್ಜಿಯರ ಮನೆಮದ್ದು ಎಂದಷ್ಟೇ ನೋಡುವುದು ಸರಿಯಲ್ಲ, ಅದಕ್ಕೂ ಶಿಸ್ತಿದೆ. ಊರುಸ್ತಂಭವೆಂಬ ತೊಡೆಯ ಬಿಗಿತಕ್ಕೆ ಹುತ್ತದ ಮಣ್ಣು, ಸಾಸಿವೆ, ಜೇನು ಸೇರಿಸಿ ತಿಕ್ಕುವ ವಿಧಾನವನ್ನು ಚರಕರು ಹೇಳಿದ್ದಾರೆ. ಜರ್ಮನಿಯ ಪ್ರಕೃತಿ ಚಿಕಿತ್ಸಕ ಅಡಾಲ್ಫ್ ಜಸ್ಟ್ ಬರೆದದ್ದನ್ನು ದಕ್ಷಿಣ ಆಫ್ರಿಕಾದಲ್ಲಿದ್ದಾಗ ಓದಿದ ಗಾಂಧೀಜಿ ಮಲಬದ್ಧತೆಗೆ ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಇಟ್ಟುಕೊಂಡು ಪರೀಕ್ಷಿಸಿದರು, ಮುಂದೆ ಜೀವನವಿಡೀ ಬಳಸಿದರು. ಅವರು 1946ರಲ್ಲಿ ಪುಣೆ ಬಳಿಯ ಉರುಳಿಕಾಂಚನದಲ್ಲಿ ಆರಂಭಿಸಿದ ನಿಸರ್ಗೋಪಚಾರ ಆಶ್ರಮ ಇಂದಿಗೂ ಇದೆ. ನಮ್ಮ ಘಟ್ಟ ಇಳಿದರೆ ಉಜಿರೆಯಲ್ಲಿ 1989ರಿಂದ ಇದನ್ನೇ ಕಲಿಸುವ ಕಾಲೇಜಿದೆ.

ಗಾಂಧೀಜಿಯೇ ಗೊಬ್ಬರ ಹಾಕಿದ ನೆಲದ ಮಣ್ಣು ಬೇಡ ಎಂದಿದ್ದರು, ಜರಡಿ ಹಿಡಿಯಬೇಕು ಎಂದಿದ್ದರು, ಶುದ್ಧತೆಯ ಬಗ್ಗೆ ಅನುಮಾನವಿದ್ದರೆ ಚೆನ್ನಾಗಿ ಕಾಯಿಸಬೇಕು ಎಂದಿದ್ದರು. ಇಲ್ಲಿ ಕುಂಬಾರಿಕೆಯವರೂ ಕಡೂರಿನವರೂ ಹೇಳಿದ್ದು ಅದೇ ಮಾತು. ನಾವು ನೆಲದ ಮೇಲ್ಪದರ ಬಿಟ್ಟು ಮೂರು–ನಾಲ್ಕು ಅಡಿ ಕೆಳಗಿನ ಮಣ್ಣು ತೆಗೆದು, ಒಣಗಿಸಿ, ಜರಡಿ ಹಿಡಿದು, ಹಿಂದಿನ ರಾತ್ರಿ ನೆನೆಸಿಡುತ್ತೇವೆ. ಅರ್ಧ ಅಂಗುಲ ದಪ್ಪಕ್ಕೆ ತೆಳು ಬಟ್ಟೆಯಲ್ಲಿ ಹರಡಿ ಹೊಟ್ಟೆಯ ಮೇಲೆ 20ರಿಂದ 30 ನಿಮಿಷ ಇಡುತ್ತೇವೆ. ಬಟ್ಟೆಯೊಳಗೆ ಇರುವುದರಿಂದ ಮಣ್ಣು ಚರ್ಮಕ್ಕೆ ನೇರವಾಗಿ ತಾಕುವುದೂ ಕಡಿಮೆ. ಚಳಿ ಹತ್ತಿದವರಿಗೆ, ಮುಟ್ಟಿನ ದಿನಗಳಲ್ಲಿ ಹೊಟ್ಟೆಗೆ ಇಡುವುದಿಲ್ಲ. ತಲೆನೋವು, ಕಣ್ಣಿನ ಆಯಾಸ, ಮಲಬದ್ಧತೆಯವರು ಎದ್ದು ಹೋಗುವಾಗ ಮುಖದಲ್ಲಿ ಕಾಣುವ ನೆಮ್ಮದಿಯನ್ನು ನಾನು ದಿನವೂ ನೋಡುತ್ತೇನೆ. ಕ್ಯಾನ್ಸರ್ ಹೋಗುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಮಣ್ಣು ಮಾರುವವರನ್ನು ನಂಬಬೇಡಿ. ಅವರಿಂದ ನಮ್ಮ ವಿದ್ಯೆಗೇ ಕಳಂಕ.

ಹೊಳೆನರಸೀಪುರದವನು

ಯಾರೂ ಹೇಳದ ಮಣ್ಣು ಒಂದಿದೆ: ನಾಮದ ಮಣ್ಣು. ಮೇಲುಕೋಟೆಯ ಬಿಳಿ ತಿರುಮಣ್ಣನ್ನು ನಮ್ಮ ಮನೆಯ ಹಿರಿಯರು ಹಣೆಗಷ್ಟೇ ಅಲ್ಲ, ಬೇಸಿಗೆಯ ಗುಳ್ಳೆಗಳಿಗೂ ತೇಯ್ದು ಹಚ್ಚುತ್ತಿದ್ದರು. ಮಾಧ್ವರ ಮನೆಗಳಲ್ಲಿ ದ್ವಾರಕೆಯ ಕಡೆಯ ಗೋಪೀಚಂದನ. ಅಚ್ಚು ಕಟ್ಟಿದ ತುಂಡನ್ನು ಸಾಣೆಯ ಮೇಲೆ ನೀರು ಬಿಟ್ಟು ತೇಯ್ದರೆ ಬರುವ ಗಂಧ ಎಷ್ಟು ನುಣುಪೆಂದರೆ, ಒಣಗಿದ ಮೇಲೂ ಉದುರದೆ ಹಣೆಯಲ್ಲಿ ನಿಲ್ಲುತ್ತದೆ. ದಿನವೂ ಮೈಗೆ ಹಚ್ಚಬೇಕಾದ ಮಣ್ಣನ್ನು ನಮ್ಮವರು ಎಷ್ಟು ಜತನದಿಂದ ಸಂಗ್ರಹಿಸುತ್ತಿದ್ದರು ಎಂಬುದಕ್ಕೆ ಇದನ್ನು ಬರೆದೆ.

ಜಾವಗಲ್ ಕಡೆಯವಳು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆ. ನಮ್ಮ ಕೆರೆಯ ಮೇಲ್ಭಾಗದಲ್ಲಿ ಶುಂಠಿ ಇದೆ, ಆಲೂಗಡ್ಡೆಯೂ ಇದೆ. ಮಣ್ಣು ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆಯೇ?

ಮಣ್ಣು ವಿಜ್ಞಾನ ಓದಿದವನು, ಕಡೂರು

ಅರ್ಧ ಮಾತ್ರ ತಿಳಿಯುತ್ತದೆ. ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ರಸಸಾರ, ಲವಣಾಂಶ, ತಾಮ್ರ, ಸತು ಅದರಲ್ಲಿ ಬರುತ್ತವೆ. ಚೌಳು ಇದೆಯೇ, ಮೈಲುತುತ್ತ ಸೇರಿದೆಯೇ ಎಂಬ ಸುಳಿವು ಸಿಗುತ್ತದೆ. ಕೀಟನಾಶಕದ ಶೇಷ, ಸೀಸ, ರೋಗಾಣು ಅದರಲ್ಲಿ ಇಲ್ಲ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನನ್ನ ಸಲಹೆ ಕೇಳಿದರೆ, ಆ ಗೋಡು ಹೊಲಕ್ಕೆ ಹೋಗಲಿ. ಹುಡುಗಿಯರಿಗೆ ಜೇಡಿಯೇ ಬೇಕೆಂದರೆ ಮೇಲೆ ಬೇಸಾಯವಿಲ್ಲದ ಗುಡ್ಡದ ಬದಿಯಲ್ಲಿ, ಮೇಲ್ಪದರ ತೆಗೆದು ಆಳದಿಂದ ತರಲಿ, ಕುಂಬಾರಿಕೆಯವರು ಹೇಳಿದಂತೆ ಹದ ಮಾಡಲಿ. ಮುಖಕ್ಕಿಂತ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಲಿ.

ಆಶಾ ಕಾರ್ಯಕರ್ತೆ, ತರೀಕೆರೆ ತಾಲ್ಲೂಕು

ಹಚ್ಚುವ ಮಾತೇ ಆಯಿತು, ತಿನ್ನುವ ಮಾತನ್ನು ಯಾರೂ ಎತ್ತಲಿಲ್ಲ. ನಾನು ಭೇಟಿ ಕೊಡುವ ಮನೆಗಳಲ್ಲಿ ಬಸುರಿಯರು ಹುತ್ತದ ಮಣ್ಣು, ಗೋಡೆಯ ಮಣ್ಣು, ಸುಟ್ಟ ಹೆಂಚಿನ ಚೂರು ತಿನ್ನುತ್ತಾರೆ. ಮೊದಲ ಮಳೆಯ ವಾಸನೆಗೆ ಬಾಯಲ್ಲಿ ನೀರೂರುತ್ತದೆ ಎನ್ನುತ್ತಾರೆ. ಅತ್ತೆಯಂದಿರು ಬಯಕೆ ಎಂದು ಸುಮ್ಮನಾಗುತ್ತಾರೆ. ಮಣ್ಣಿನಲ್ಲಿ ಕಬ್ಬಿಣ ಇದೆಯಲ್ಲ, ಒಳ್ಳೆಯದೇ ತಾನೇ ಎಂದು ಒಬ್ಬರು ನನ್ನನ್ನೇ ಕೇಳಿದರು. ಏನು ಹೇಳಲಿ?

ಚರ್ಮವೈದ್ಯೆ, ಹಾಸನ

ಮಣ್ಣಿನ ಆಸೆ ಹಲವು ಸಲ ರಕ್ತಹೀನತೆಯ ಲಕ್ಷಣ. ಆಕೆಯನ್ನು ಗದರಿಸದೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬಸುರಿಯಲ್ಲಿ ಅದು 100 ಮಿಲಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಮಣ್ಣಿನ ಕಬ್ಬಿಣ ತುಕ್ಕಿನ ರೂಪದ್ದು, ದೇಹಕ್ಕೆ ದಕ್ಕುವುದಿಲ್ಲ. ಜೊತೆಗೆ ಜೇಡಿ ಊಟದ ಕಬ್ಬಿಣವನ್ನೂ, ನೀವು ಕೊಡುವ ಮಾತ್ರೆಯ ಕಬ್ಬಿಣವನ್ನೂ ಹಿಡಿದುಕೊಳ್ಳಬಲ್ಲದು. ಮಣ್ಣಿನೊಡನೆ ಜಂತುಹುಳದ ಮೊಟ್ಟೆಯೂ ಹೊಟ್ಟೆಗೆ ಹೋಗುತ್ತದೆ. 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ 180 ದಿನ ದಿನವೂ ನುಂಗುವಂತೆ ನೋಡಿಕೊಳ್ಳಿ; ಕಾಫಿ–ಚಹಾದ ಜೊತೆ ಬೇಡ, ನಿಂಬೆ ಪಾನಕದ ಜೊತೆ ಒಳ್ಳೆಯದು. ಜಂತುಹುಳದ ಮಾತ್ರೆ ಎರಡನೆಯ ತ್ರೈಮಾಸಿಕದಲ್ಲಿ. ರಕ್ತ ಏರಿದಂತೆ ಆ ಆಸೆ ಹಲವರಲ್ಲಿ ತಾನಾಗಿಯೇ ಇಳಿಯುತ್ತದೆ. ಮಾತ್ರೆ ತೆಗೆದುಕೊಂಡೂ ಹಿಮೋಗ್ಲೋಬಿನ್ ಏರದಿದ್ದರೆ, ಅಥವಾ 7 ಗ್ರಾಂಗಿಂತ ಕೆಳಗಿದ್ದರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿ.

ಆಶಾ ಕಾರ್ಯಕರ್ತೆ, ತರೀಕೆರೆ ತಾಲ್ಲೂಕು

ನಾಳೆ ಅಂಗನವಾಡಿಯಲ್ಲಿ ತಾಯಂದಿರ ಸಭೆ ಇದೆ. ಅತ್ತೆಯಂದಿರನ್ನೂ ಕರೆದಿದ್ದೇನೆ. ಇದನ್ನು ಹಾಗೆಯೇ ಓದಿ ಹೇಳುತ್ತೇನೆ.